ಎಲ್ಕ್ ಬೇಟೆಗೆ ನಾಲ್ಕು ತೋಳ ಸಾಕು

ಮಾನ್ಯ ಸಂಪಾದಕರೇ,

ರಜೆಯಲ್ಲಿ ಮಕ್ಕಳು ಆಡುವ ಕಂಪ್ಯೂಟರ್ ಆಟಗಳ ಬಗ್ಗೆ ನಿಮ್ಮ ವಾರದ ಪುರವಣಿಯಲ್ಲಿ ಬಂದ ಬರಹದಲ್ಲಿ ‘ವುಲ್ಫ್‌ಕ್ವೆಸ್ಟ್’ಗೂ ಒಂದು ಕಾಲಂ ಸಿಕ್ಕಿದ್ದು ಸಂತೋಷ. ಬಂದೂಕು, ಬಾಂಬು, ಕಾರ್ ರೇಸುಗಳ ನಡುವೆ ಈ ತೋಳದ ಆಟವನ್ನು ಕೇಳುವವರೇ ಕಡಿಮೆ. ಆದರೆ ಅದರಲ್ಲಿ ಕೊಟ್ಟ ಮುಖ್ಯ ಸಲಹೆಯೇ ತಲೆಕೆಳಗಾಗಿದೆ. ಗೆಳೆಯರು ಹೆಚ್ಚಿದಷ್ಟೂ ಬೇಟೆ ಸುಲಭ, ಎಲ್ಲರೂ ತಮ್ಮ ತೋಳದ ಬಲಕ್ಕೇ ಅಂಕ ಹಾಕಿಕೊಳ್ಳಿ, ಎಲ್ಕ್ ಎಂಬ ದೊಡ್ಡ ಜಿಂಕೆಗಳ ಹಿಂಡು ಕಂಡ ಕೂಡಲೇ ಒಟ್ಟಿಗೆ ಮುಗಿಬೀಳಿ ಎಂಬ ಅರ್ಥ ಬರುವಂತೆ ಬರೆಯಲಾಗಿದೆ. ಹಾಗೆ ಆಡುವ ತಂಡಕ್ಕೆ ಒಂದು ಮೊಲ ಸಿಕ್ಕರೆ ಅದೇ ಹೆಚ್ಚು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕದ ಮಿನೆಸೋಟ ಝೂ ಮತ್ತು ಎಜುವೆಬ್ ಸಂಸ್ಥೆ ಸೇರಿ 2007ರಲ್ಲಿ ಹೊರತಂದ ಆಟ ಇದು. ಹೊಸದಾಗಿ ಕಟ್ಟಿದ ‘ಆನಿವರ್ಸರಿ ಎಡಿಷನ್’ 2019ರಿಂದ ಸಿಗುತ್ತಿದೆ. ಇಲ್ಲಿ ಆಟಗಾರ ತೋಳದ ಯಜಮಾನನಲ್ಲ, ತಾನೇ ಎರಡು ವರ್ಷದ ತೋಳ. ಜಾಗ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಉತ್ತರ ಭಾಗ. ಅಲ್ಲಿ ನಿರ್ನಾಮವಾಗಿದ್ದ ತೋಳಗಳನ್ನು 1995 ಮತ್ತು 1996ರಲ್ಲಿ ಕೆನಡಾದಿಂದ ತಂದು ಬಿಟ್ಟರು, ಒಟ್ಟು 31. ಅಂದಿನಿಂದ ಅವುಗಳ ಬೇಟೆಗಳನ್ನು ದುರ್ಬೀನಿನಲ್ಲಿ ನೋಡಿ ಬರೆದಿಟ್ಟವರಿದ್ದಾರೆ. ಆಟ ಕಟ್ಟಿದವರು ಆ ತಿಳಿವಳಿಕೆಯನ್ನು ಆಧರಿಸಿಯೇ ಎಲ್ಕ್, ಕರಡಿ, ಎದುರಾಳಿ ತೋಳಗಳ ನಡವಳಿಕೆಯನ್ನು ರೂಪಿಸಿದ್ದಾರೆ. ಹಾಗಾಗಿ ನಿಜವಾದ ತೋಳ ಏನು ಮಾಡುತ್ತದೆ ಎಂದು ತಿಳಿದವರಿಗೆ ಈ ಆಟದಲ್ಲಿ ಅರ್ಧ ದಾರಿ ಸವೆದಂತೆ.

ಮೊದಲು ಸಂಖ್ಯೆಯ ವಿಚಾರ. ತೋಳಗಳ ಸಂಶೋಧಕ ಡೇನಿಯಲ್ ಮ್ಯಾಕ್‌ನಲ್ಟಿ ಮತ್ತು ಜೊತೆಗಾರರು ಯೆಲ್ಲೋಸ್ಟೋನಿನ ಬೇಟೆಗಳನ್ನು ವರ್ಷಗಟ್ಟಲೆ ಗಮನಿಸಿ 2012ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಎಲ್ಕ್ ಬೇಟೆಯಲ್ಲಿ ತೋಳಗಳು ನಾಲ್ಕಾಗುವವರೆಗೆ ಗೆಲುವು ಏರುತ್ತದೆ. ಅಲ್ಲಿಂದ ಮುಂದೆ ಐದನೆಯದು ಬರಲಿ, ಎಂಟನೆಯದು ಬರಲಿ, ಏರಿಕೆ ಇಲ್ಲ. ಇದರ ಹಿಂದೆ ಇರುವುದು ಬರೀ ಸೋಮಾರಿತನವಲ್ಲ, ಜಾಣತನ. ಹೆಣ್ಣು ಎಲ್ಕ್ ಸುಮಾರು 225 ಕಿಲೋ ತೂಗುತ್ತದೆ, ಗಂಡು 300 ದಾಟುತ್ತದೆ. ತೋಳದ ತೂಕ 40ರಿಂದ 55 ಕಿಲೋ. ಅಂಥ ಪ್ರಾಣಿಯ ಒದೆ ತಿನ್ನಲು ಮುಂದೆ ನಾಲ್ವರಿದ್ದಾರೆ ಎಂದಾದರೆ ಐದನೆಯದು ಹಿಂದೆ ಹಿಂದೆಯೇ ಓಡಿಬರುತ್ತದೆ, ಊಟದ ಹೊತ್ತಿಗೆ ಮಾತ್ರ ಮುಂದೆ ಬಂದು ನಿಲ್ಲುತ್ತದೆ. ಮದುವೆಮನೆಯಲ್ಲಿ ಬಡಿಸಲು ಹತ್ತು ಜನ ನಿಂತಿದ್ದರೆ ಸಾರಿನ ಬಕೆಟ್ ಯಾರೂ ಎತ್ತುವುದಿಲ್ಲವಲ್ಲ, ಹಾಗೆ. ಪರದೆಯ ಮೇಲಿನ ತೋಳಗಳ ಹಿಂದೆ ಕೂತವರು ಮನುಷ್ಯರು. ಅವರಲ್ಲಿ ಈ ಗುಣ ತೋಳಕ್ಕಿಂತ ಒಂದು ಕೈ ಹೆಚ್ಚೇ ಇರುತ್ತದೆ.

ಖಾಸಗಿ ಆಟದಲ್ಲಿ ಎಂಟು ಜನರವರೆಗೆ ಸೇರಬಹುದು. ಎಂಟು ಜನ ಬಂದರೆ ಬೇಡ ಎನ್ನಬೇಕಿಲ್ಲ. ನಾಲ್ಕು ನಾಲ್ಕರ ಎರಡು ತಂಡ ಮಾಡಿ. ಒಂದು ಬೇಟೆಗಿಳಿದಾಗ ಇನ್ನೊಂದು ದಿಬ್ಬದ ಮೇಲೆ ನಿಂತು ಕರಡಿ, ಪಕ್ಕದ ಗುಂಪಿನ ತೋಳ ಬರುತ್ತಿವೆಯೇ ನೋಡಲಿ, ದಮ್ಮು ತುಂಬಿಸಿಕೊಳ್ಳಲಿ. ಮುಂದಿನ ಬೇಟೆಗೆ ಪಾಳಿ ಬದಲು. ಎಂಟೂ ಜನ ಒಂದೇ ಎಲ್ಕ್‌ನ ಹಿಂದೆ ಬಿದ್ದರೆ ಏನಾಗುತ್ತದೆಂದು ಒಮ್ಮೆ ನೋಡಿ: ಪ್ರಾಣಿಯ ಹಿಂಭಾಗದಲ್ಲಿ ಎರಡು ಮೂರು ಬಾಯಿಗೆ ಮಾತ್ರ ಜಾಗ. ಉಳಿದವರು ಒಬ್ಬರ ಮೈಮೇಲೊಬ್ಬರು ಬಿದ್ದು, ಕೊನೆಗೆ ಬೇಸರವಾಗಿ ಬೇರೆ ಎಲ್ಕ್‌ನ ಬೆನ್ನು ಹತ್ತುತ್ತಾರೆ. ಅಲ್ಲಿಗೆ ಬೇಟೆ ಮುಗಿಯಿತು.

ಇನ್ನು ಅಂಕದ ಮಾತು. ತೋಳವನ್ನು ರೂಪಿಸುವಾಗ ಬಲ, ವೇಗ, ದಮ್ಮು ಮುಂತಾದ ಗುಣಗಳಿಗೆ ಸಿಗುವ ಒಟ್ಟು ಅಂಕಕ್ಕೆ ಮಿತಿ ಇದೆ. ಒಂದರಲ್ಲಿ ಏರಿಸಿದರೆ ಇನ್ನೊಂದರಲ್ಲಿ ಇಳಿಸಬೇಕು. ನಾಲ್ವರೂ ಬಲಭೀಮರಾದರೆ ಎಲ್ಕ್ ಹತ್ತಿರ ಹೋಗುವವರೇ ಇಲ್ಲ. ನಾಲ್ವರೂ ಓಟಗಾರರಾದರೆ ಹತ್ತಿರ ಹೋಗುತ್ತಾರೆ, ಕೆಡವುವವರಿಲ್ಲ. ಕೆಲಸ ಹಂಚಿಕೊಂಡು ಆಮೇಲೆ ಅಂಕ ಹಾಕಬೇಕು. ಓಡಿಸಲು ಇಬ್ಬರು: ಇವರಿಗೆ ದಮ್ಮು ಮುಖ್ಯ, ವೇಗ ಅದರ ನಂತರ. ಅಡ್ಡಗಟ್ಟಲು ಒಬ್ಬರು: ಇವರಿಗೆ ವೇಗವೇ ಬಂಡವಾಳ. ಹಿಡಿಯಲು ಒಬ್ಬರು: ಬಲವೆಲ್ಲ ಇಲ್ಲಿಗೆ. ಓಡಿಸುವ ಇಬ್ಬರಲ್ಲಿ ತಾಳ್ಮೆ ಇದ್ದವರು ಮುಂದಾಳು, ಯಾವ ಎಲ್ಕ್ ಎಂದು ಹೇಳುವ ಹಕ್ಕು ಅವರೊಬ್ಬರದೇ. ಮ್ಯಾಕ್‌ನಲ್ಟಿ ತಂಡದ ಇನ್ನೊಂದು ಅಧ್ಯಯನವೂ ಇದನ್ನೇ ಹೇಳುತ್ತದೆ. ಮೈಕಟ್ಟು ದೊಡ್ಡದಾದಷ್ಟೂ ಹಿಡಿದು ಕೆಡವುವುದಕ್ಕೆ ಅನುಕೂಲ, ಓಡಿ ಆರಿಸುವ ಕೆಲಸದಲ್ಲಿ ಆ ಲಾಭ ಕಾಣದು. ಮುದಿ ತೋಳವೇ ನುರಿತ ಬೇಟೆಗಾರ ಎಂಬ ನಂಬಿಕೆಯೂ ಸುಳ್ಳು. ಎರಡು ಮೂರು ವರ್ಷದ ಪ್ರಾಯ ದಾಟಿದ ಮೇಲೆ ತೋಳದ ಬೇಟೆಯ ಕಸುವು ಇಳಿಮುಖ.

ಬೇಟೆಯಲ್ಲಿ ಹೆಚ್ಚಿನವರು ಕೆಡಿಸಿಕೊಳ್ಳುವುದು ಮೊದಲ ಎರಡು ನಿಮಿಷದಲ್ಲಿ. ಅದಕ್ಕೇ ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು.

ಹೊರಡುವ ಮುಂಚೆ ನಾಲ್ವರ ದಮ್ಮೂ ಆರೋಗ್ಯವೂ ತುಂಬಿರಲಿ. ವಾಸನೆಯ ನೋಟ ಹಾಕಿದರೆ ಪರದೆ ಮಂಕಾಗಿ, ಒಂದೊಂದು ಪ್ರಾಣಿಯ ಜಾಡು ಒಂದೊಂದು ಬಣ್ಣದಲ್ಲಿ ಕಾಣುತ್ತದೆ. ಎಲ್ಕ್ ಜಾಡು ಸಿಕ್ಕ ಮೇಲೆ ಓಡಬೇಡಿ, ನಡೆಯಿರಿ. ಹಿಂಡು ಕಣ್ಣಿಗೆ ಬಿದ್ದಲ್ಲೇ ನಿಂತುಬಿಡಿ. ಈಗ ಮುಂದಾಳು ಒಬ್ಬರೇ ಹಿಂಡಿನತ್ತ ಸಾಧಾರಣ ಓಟದಲ್ಲಿ ಹೋಗಬೇಕು. ಇದು ಬೇಟೆಯಲ್ಲ, ಪರೀಕ್ಷೆ. ಸಂತೆಯಲ್ಲಿ ಎತ್ತು ಕೊಳ್ಳುವವರು ಮೊದಲು ಅದನ್ನು ನಾಲ್ಕು ಹೆಜ್ಜೆ ನಡೆಸಿ ನೋಡುವುದಿಲ್ಲವೇ? ಹಿಂಡು ಚದುರಿ ಓಡುವಾಗ ಯಾವುದು ಹಿಂದೆ ಬೀಳುತ್ತದೆ, ಯಾವುದು ಕುಂಟುತ್ತದೆ, ಯಾವುದು ಹಿಂಡು ಬಿಟ್ಟು ಒಂಟಿಯಾಗಿ ತಿರುಗುತ್ತದೆ, ಇಷ್ಟು ಗಮನಿಸಿದರೆ ಸಾಕು. ತೋಳವನ್ನು ನೋಡಿಯೂ ಓಡದೆ, ತಲೆಯೆತ್ತಿ ಎದುರು ನಿಲ್ಲುವ ಎಲ್ಕ್ ಧೈರ್ಯಸ್ಥ ಮಾತ್ರವಲ್ಲ, ಸಾಮಾನ್ಯವಾಗಿ ಗಟ್ಟಿಮುಟ್ಟಾದದ್ದು. ಅದರ ಗೊಡವೆ ಬೇಡ.

ಅರ್ಧ ನಿಮಿಷ ಓಡಿಸಿದರೂ ಯಾವುದೂ ಹಿಂದೆ ಬೀಳದಿದ್ದರೆ ಬಿಟ್ಟು ಬನ್ನಿ. ಮಕ್ಕಳಿಗೆ ಇದೇ ಅತಿ ಕಷ್ಟ. ಇಷ್ಟು ದೂರ ಬಂದಿದ್ದೇವೆ, ಇನ್ನು ಸ್ವಲ್ಪ ಎಂದು ಹಟ ಹಿಡಿದು ದಮ್ಮೆಲ್ಲ ಖಾಲಿ ಮಾಡಿಕೊಳ್ಳುತ್ತಾರೆ. ನಿಜವಾದ ಯೆಲ್ಲೋಸ್ಟೋನ್ ತೋಳಗಳಿಗೂ ಐದು ಪ್ರಯತ್ನದಲ್ಲಿ ಒಂದು ಫಲಿಸಿದರೆ ಹೆಚ್ಚು. ಬಿಟ್ಟುಬಂದ ಬೇಟೆ ಸೋಲಲ್ಲ. ಅರ್ಧ ಆರೋಗ್ಯ ಕಳೆದುಕೊಂಡು ಬಂದ ಬೇಟೆ ಸೋಲು.

ಎಲ್ಕ್ ಗೊತ್ತಾದ ಮೇಲೆ ಓಟ. ಇಲ್ಲಿ 2011ರಲ್ಲಿ ಬಂದ ಇನ್ನೊಂದು ಅಧ್ಯಯನ ನೆರವಿಗಿದೆ. ಮೂರೋ, ಎಸ್ಕೊಬೆಡೊ, ಸ್ಪೆಕ್ಟರ್, ಕಾಪಿಂಜರ್ ಎಂಬ ನಾಲ್ವರು ಕಂಪ್ಯೂಟರಿನಲ್ಲಿ ತೋಳಗಳನ್ನು ಸೃಷ್ಟಿಸಿ, ಅವುಗಳಿಗೆ ನಾಯಕನನ್ನೂ ಕೊಡಲಿಲ್ಲ, ಮಾತನ್ನೂ ಕೊಡಲಿಲ್ಲ. ಎರಡೇ ನಿಯಮ ಕೊಟ್ಟರು. ಒಂದು, ಒದೆ ತಾಗದಷ್ಟು ಅಂತರದವರೆಗೆ ಬೇಟೆಯ ಹತ್ತಿರ ಹೋಗು. ಎರಡು, ಅಷ್ಟು ಹತ್ತಿರ ಹೋದ ಮೇಲೆ ನಿನ್ನಂತೆಯೇ ಹತ್ತಿರ ಬಂದಿರುವ ಇತರ ತೋಳಗಳಿಂದ ದೂರ ಸರಿ. ಇಷ್ಟರಿಂದಲೇ ಪರದೆಯ ಮೇಲಿನ ತೋಳಗಳು ಬೇಟೆಯನ್ನು ಬೆನ್ನಟ್ಟಿ, ಸುತ್ತುವರಿದು ನಿಂತವು. ಹೊಸ ತಂಡಕ್ಕೆ ಹೇಳಿಕೊಡಬೇಕಾದದ್ದೂ ಇದೇ ಎರಡು. ಅದರಲ್ಲೂ ಎರಡನೆಯದು. ಪಕ್ಕದಲ್ಲಿ ಗೆಳೆಯನ ತೋಳ ಕಂಡರೆ ನೀವು ತಪ್ಪು ಜಾಗದಲ್ಲಿದ್ದೀರಿ, ಆಚೆ ಬದಿಗೆ ಹೋಗಿ.

ಓಡಿಸುವ ಇಬ್ಬರು ಸರದಿಯಲ್ಲಿ ಓಡಬೇಕು. ಒಬ್ಬರು ಪೂರ್ಣ ವೇಗದಲ್ಲಿ ಬೆನ್ನು ಹತ್ತಿದಾಗ ಇನ್ನೊಬ್ಬರು ನಿಧಾನ ಓಟದಲ್ಲಿ ಒಳದಾರಿ ಹಿಡಿಯಲಿ. ಎಲ್ಕ್ ನೇರವಾಗಿ ಓಡುವುದು ಕಡಿಮೆ, ಬಳಸಿ ತಿರುಗುತ್ತದೆ. ಅದು ತಿರುಗುವ ಒಳಬದಿಯಲ್ಲಿದ್ದವರಿಗೆ ದಾರಿ ಉಳಿಯುತ್ತದೆ. ಮುಂದಿನವರ ದಮ್ಮು ಮೂರನೇ ಒಂದು ಪಾಲಿಗೆ ಇಳಿದಾಗ ಬದಲಾಯಿಸಿ. ಪೂರ್ತಿ ಖಾಲಿಯಾಗುವವರೆಗೆ ಕಾಯಬೇಡಿ. ಖಾಲಿಯಾದ ತೋಳ ಓಟದಲ್ಲಷ್ಟೇ ಹಿಂದೆ ಬೀಳುವುದಲ್ಲ, ಹಿಡಿಯುವ ಹೊತ್ತಿಗೂ ಒದಗುವುದಿಲ್ಲ. ಅಡ್ಡಗಟ್ಟುವವರು ಬೆನ್ನಟ್ಟಲೇಬಾರದು. ಅವರ ಕೆಲಸ ಎಲ್ಕ್ ಮತ್ತು ಹೊಳೆಯ ನಡುವೆ ಇರುವುದು. ಎಲ್ಕ್‌ನದು ಉದ್ದ ಕಾಲು, ಎದೆಮಟ್ಟದ ನೀರಲ್ಲೂ ನೆಲ ಸಿಗುತ್ತದೆ. ತೋಳ ಅಲ್ಲಿ ಈಜುತ್ತಿರುತ್ತದೆ. ಈಜುವವನು ಕಚ್ಚಲಾರ. ನೀರಿಗಿಳಿದ ಎಲ್ಕ್‌ನ ಆಸೆ ಬಿಡಿ, ಇಲ್ಲವೇ ದಡದಲ್ಲಿ ಕೂತು ಕಾಯಿರಿ.

ನಮ್ಮ ಹಳೆಯ ಕನ್ನಡದ ಬೇಟೆಯ ಮಾತಿನಲ್ಲಿ ಮೃಗವನ್ನು ಎಬ್ಬಿಸಿ ಅಟ್ಟುವುದಕ್ಕೆ ‘ಸೋವು’ ಎನ್ನುತ್ತಾರೆ. ಸೋವುವವರು ಬೇರೆ, ಕಾದು ನಿಲ್ಲುವವರು ಬೇರೆ ಎಂಬ ತಿಳಿವು ಆ ಮಾತಿನಲ್ಲೇ ಇದೆ.

ಕಚ್ಚುವ ಕ್ಷಣಕ್ಕೆ ಕಬಡ್ಡಿಯನ್ನು ನೆನೆದುಕೊಂಡರೆ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ. ರೈಡರ್‌ನ ಕಾಲಿಗೆ ಕಾರ್ನರ್‌ನವನು ಕೈ ಹಾಕಿ ವೇಗ ಮುರಿದ ಮೇಲೆ ಕವರ್‌ನವರು ನುಗ್ಗುತ್ತಾರೆ. ಏಳೂ ಜನ ಒಟ್ಟಿಗೆ ಹಾರಿದರೆ ರೈಡರ್ ನುಸುಳಿ ಗೆರೆ ಮುಟ್ಟುತ್ತಾನೆ. ಇಲ್ಲೂ ಹಾಗೆಯೇ. ಮೊದಲ ಕಚ್ಚು ಹಿಂಗಾಲಿನ ತೊಡೆಗೆ. ನೇರ ಹಿಂದಿನಿಂದ ಹೋದರೆ ಒದೆ ಮುಖಕ್ಕೇ ಬೀಳುತ್ತದೆ, ಆದ್ದರಿಂದ ಓರೆಯಾಗಿ, ಪಕ್ಕದಿಂದ ಹೋಗಬೇಕು. ಬೆಕ್ಕಿನ ಜಾತಿಯ ಪ್ರಾಣಿಗಳಂತೆ ತೋಳ ಮುಂಗಾಲಿನಿಂದ ಅಪ್ಪಿ ಹಿಡಿಯಲಾರದು. ಅದಕ್ಕಿರುವುದು ಬಾಯಿ ಒಂದೇ. ಕಚ್ಚಿ ಜೋತುಬಿದ್ದಾಗ ಎಲ್ಕ್ ಮೈ ಕೊಡವಿ ಒದೆಯಲು ಸಜ್ಜಾದದ್ದು ಕಂಡರೆ ಬಾಯಿ ಬಿಡಬೇಕು. ಬಿಟ್ಟು ಮತ್ತೆ ಹಿಡಿಯುವುದು ನಾಚಿಕೆಯಲ್ಲ. ಬಿಡದವರೇ ಮೊದಲು ಸಾಯುವುದು. ಹಿಂದೆ ಇಬ್ಬರು ಕಚ್ಚಿ ಎಲ್ಕ್‌ನ ವೇಗ ಇಳಿದ ಮೇಲಷ್ಟೇ ಬಲಶಾಲಿ ಹಿಡಿಗಾರ ಮುಂದಿನಿಂದ ಗಂಟಲಿಗೆ ಹೋಗಬೇಕು. ಇದಕ್ಕೆ ಮುಂಚೆ ಮುಂದೆ ಹೋದವರಿಗೆ ಕಾದಿರುವುದು ಮುಂಗಾಲಿನ ತುಳಿತ, ಗಂಡಾಗಿದ್ದರೆ ಕೊಂಬು. ಕೊಂಬಿರುವ ಗಂಡನ್ನು ಹೊಸ ತಂಡ ಮುಟ್ಟದಿರುವುದೇ ಒಳ್ಳೆಯದು.

ಕೂಗಿ ಹೇಳುವ ಮಾತಿನಿಂದ ಕೆಟ್ಟ ಬೇಟೆಗಳಿಗೆ ಲೆಕ್ಕವಿಲ್ಲ. ‘ಎಡಕ್ಕೆ, ಎಡಕ್ಕೆ!’ ಎಂದು ಒಬ್ಬರು ಕಿರುಚುತ್ತಾರೆ. ಯಾರ ಎಡ? ನಾಲ್ವರು ನಾಲ್ಕು ದಿಕ್ಕಿಗೆ ಮುಖ ಮಾಡಿದ್ದಾರೆ. ಪರದೆಯ ಮೇಲೆ ದಿಕ್ಸೂಚಿ ಇರುವುದರಿಂದ ದಿಕ್ಕನ್ನೇ ಹೇಳಬೇಕು. ಇಲ್ಲಿ ಕನ್ನಡದವರಿಗೆ ಒಂದು ಅನುಕೂಲವಿದೆ: ಮೂಡು, ಪಡು, ತೆಂಕು, ಬಡಗು. ಎಲ್ಲವೂ ಚುಟುಕು, ಒಂದಕ್ಕೊಂದು ಹೋಲುವುದಿಲ್ಲ, ಓಟದ ನಡುವೆ ಕೂಗಿದರೂ ಕೇಳಿಸುತ್ತದೆ. ‘ಉತ್ತರ’ ಎಂದು ಮುಗಿಸುವಷ್ಟರಲ್ಲಿ ಎಲ್ಕ್ ದಕ್ಷಿಣಕ್ಕೆ ತಿರುಗಿರುತ್ತದೆ. ನಾಲ್ಕು ಮಾತು ಇನ್ನೂ ಗೊತ್ತುಮಾಡಿಕೊಳ್ಳಿ: ‘ಇದು’ ಅಂದರೆ ಎಲ್ಕ್ ಗೊತ್ತಾಯಿತು, ‘ಬದಲು’ ಅಂದರೆ ನನ್ನ ದಮ್ಮು ಮುಗಿಯಿತು, ‘ಬಿಡು’ ಅಂದರೆ ಬೇಟೆ ಕೈಬಿಡಿ, ‘ಕರಡಿ’ ಅಂದರೆ ಕರಡಿ. ‘ಬಿಡು’ ಎಂದು ಯಾರೇ ಹೇಳಲಿ, ಎಲ್ಲರೂ ಬಿಡಬೇಕು. ಅಲ್ಲಿ ವಾದ ಇಲ್ಲ.

ಮೈಸೂರಿನಲ್ಲಿ ಇಬ್ಬರು, ನ್ಯೂಜೆರ್ಸಿಯಲ್ಲಿ ಇಬ್ಬರು ಎಂದು ಅಣ್ಣ ತಮ್ಮಂದಿರ ಮಕ್ಕಳು ಸೇರಿ ಆಡುವ ತಂಡಗಳಿಗೆ ಇನ್ನೊಂದು ತೊಡಕಿದೆ. ನೆಟ್ ವಿಳಂಬ. ಆಟ ತೆರೆದವರಿಂದ ದೂರದಲ್ಲಿರುವವರ ಪರದೆಯಲ್ಲಿ ಎಲ್ಕ್ ಒಂದು ಕ್ಷಣ ಹಿಂದಿನ ಜಾಗದಲ್ಲಿ ಕಾಣುತ್ತದೆ. ಅವರು ಸರಿಯಾಗಿಯೇ ಕಚ್ಚಿದರೂ ಬಾಯಿಗೆ ಬರುವುದು ಗಾಳಿ. ಅವರನ್ನು ಬೈದು ಫಲವಿಲ್ಲ. ಯಾರ ಸಂಪರ್ಕ ನಿಧಾನವೋ ಅವರಿಗೆ ಅಡ್ಡಗಟ್ಟುವ ಕೆಲಸವೋ ಕಾವಲೋ ಕೊಡಿ, ಕಚ್ಚುವ ಕೆಲಸ ಬೇಡ. ಆಟ ತೆರೆಯುವುದು ಹೆಚ್ಚು ಜನ ಇರುವ ಕಡೆಯಿಂದ ಆಗಲಿ. ನಮ್ಮ ರಾತ್ರಿ 9 ಗಂಟೆಗೆ ನ್ಯೂಜೆರ್ಸಿ ಕಡೆ ಬೇಸಿಗೆಯಲ್ಲಿ ಬೆಳಗಿನ 11:30, ಇಬ್ಬರಿಗೂ ನಿದ್ದೆಗೆಡಬೇಕಿಲ್ಲ. ಪರಿಚಯವಿಲ್ಲದವರೂ ಬಂದು ಸೇರುವ ಬಯಲು ಆಟಕ್ಕಿಂತ ಕರೆದವರಷ್ಟೇ ಬರುವ ಖಾಸಗಿ ಆಟ ಮಕ್ಕಳಿಗೆ ಸರಿ, ತಂಡ ಕಟ್ಟುವುದಕ್ಕೂ ಅದೇ ಸರಿ. ಕೆಲಸ ಹಂಚಿಕೊಳ್ಳದ ನಾಲ್ವರು ಅಪರಿಚಿತರು ನಾಲ್ಕು ಒಂಟಿ ತೋಳಗಳಷ್ಟೇ.

ಎಲ್ಕ್ ಬಿದ್ದ ಮೇಲೂ ಕೆಲಸ ಮುಗಿಯುವುದಿಲ್ಲ. ನಾಲ್ವರೂ ತಲೆ ತಗ್ಗಿಸಿ ತಿನ್ನತೊಡಗಿದರೆ ಗ್ರಿಜ್ಲಿ ಕರಡಿ ಪಕ್ಕಕ್ಕೆ ಬಂದು ನಿಂತರೂ ಗೊತ್ತಾಗದು. ಇಬ್ಬರು ತಿನ್ನಲಿ, ಉಳಿದಿಬ್ಬರು ಸುತ್ತ ನೋಡಲಿ, ಹೆಚ್ಚು ಪೆಟ್ಟು ತಿಂದವರು ಮೊದಲು ತಿನ್ನಲಿ. ಕರಡಿ ಬಂದರೆ ಎದುರಿನಿಂದ ಹೋರಾಡಬೇಡಿ. ಒಬ್ಬರು ಮುಂದೆ ನಿಂತು ಅದರ ಗಮನ ಸೆಳೆಯಬೇಕು, ಇನ್ನೊಬ್ಬರು ಹಿಂದಿನಿಂದ ಒಂದು ಕಚ್ಚು ಕಚ್ಚಿ ಓಡಬೇಕು. ಅದು ತಿರುಗಿದಾಗ ಇತ್ತಲಿನವರ ಸರದಿ. ಹೀಗೆ ಕಾಡಿ ಕಾಡಿ ಓಡಿಸಿದರೆ ಸರಿ. ಓಡದಿದ್ದರೆ ಬಿಟ್ಟುಕೊಡಿ. ಯೆಲ್ಲೋಸ್ಟೋನಿನಲ್ಲಿ ತೋಳದ ಬೇಟೆಯನ್ನು ಕರಡಿ ಕಿತ್ತುಕೊಳ್ಳುವುದು ಹೊಸದಲ್ಲ. ನಿಜದ ತೋಳ ಒಂದು ಊಟಕ್ಕೆ 9 ಕಿಲೋ ಮಾಂಸದವರೆಗೆ ನುಂಗಬಲ್ಲದು. ಇಷ್ಟು ಗಬಗಬನೆ ತಿನ್ನುವುದು ಯಾಕೆಂದು ಇಲ್ಲಿ ತಿಳಿಯುತ್ತದೆ.

ಬೈಸನ್ ಬಗ್ಗೆ ಒಂದು ಮಾತು. ನಾವು ಬಾಯಿಮಾತಿನಲ್ಲಿ ನಮ್ಮ ಕಾಟಿಯನ್ನೇ ಬೈಸನ್ ಎನ್ನುತ್ತೇವೆ, ಆದರೆ ಆಟದಲ್ಲಿರುವುದು ಅಮೆರಿಕದ ಬೇರೆ ಪ್ರಾಣಿ. ಗಂಡು 900 ಕಿಲೋವರೆಗೆ ತೂಗುತ್ತದೆ. ನಾಲ್ವರ ಲೆಕ್ಕ ಇಲ್ಲಿ ನಡೆಯದು. ಬೈಸನ್ ಬೇಟೆಯಲ್ಲಿ ಗುಂಪು ಹತ್ತರ ಆಸುಪಾಸಿಗೆ ಬರುವವರೆಗೂ ಗೆಲುವು ಏರುತ್ತಲೇ ಹೋಗುತ್ತದೆ ಎಂದು ಅದೇ ಸಂಶೋಧಕರು 2014ರಲ್ಲಿ ತೋರಿಸಿದರು. ಎಲ್ಕ್ ಬೇಟೆಯಲ್ಲಿ ಹಿಂದೆ ಉಳಿಯುತ್ತಿದ್ದ ತೋಳವೂ ಇಲ್ಲಿ ಕೈಹಾಕುತ್ತದೆ, ಏಕೆಂದರೆ ಅದು ಕೈಹಾಕದಿದ್ದರೆ ಊಟವೇ ಇಲ್ಲ. ಪುರವಣಿಯ ಬರಹಗಾರರ ‘ಹೆಚ್ಚು ಜನ’ ಎಂಬ ಸಲಹೆ ಇಲ್ಲಿಗೆ ಮಾತ್ರ ಹೊಂದುತ್ತದೆ. ಒಬ್ಬರೇ ಆಡುವವರು ಬೈಸನ್ ಕಡೆ ನೋಡುವುದೇ ಬೇಡ. ಸಂಗಾತಿ ತೋಳ ಜೊತೆಗಿದ್ದರೂ ಆರಿಸುವ ಹೊಣೆ ನಿಮ್ಮದೇ, ನೀವು ಹಿಂದೆ ಬಿದ್ದದ್ದರ ಹಿಂದೆಯೇ ಅದೂ ಬರುತ್ತದೆ.

ಈ ಆಟ ನೋಡಿ ನಮ್ಮ ಕೊಪ್ಪಳ, ಗಂಗಾವತಿ ಕಡೆಯ ಕುರುಚಲು ಬಯಲಿನ ತೋಳಗಳೂ ಹೀಗೇ ಎಂದುಕೊಳ್ಳುವ ಮಕ್ಕಳಿದ್ದಾರೆ. ಅಲ್ಲ. ಇಲ್ಲಿನ ತೋಳ ಮೈಯಲ್ಲಿ ಚಿಕ್ಕದು, ಗುಂಪೂ ಚಿಕ್ಕದು, ಅದರ ಪಾಲಿಗೆ ಬರುವುದು ಕೃಷ್ಣಮೃಗ, ಮೊಲ, ಕುರಿಹಟ್ಟಿಯ ಕುರಿಮರಿ. ಎಲ್ಕ್ ಬೇಟೆಯ ಲೆಕ್ಕವನ್ನು ಅದಕ್ಕೆ ಹಚ್ಚುವಂತಿಲ್ಲ.

ಕೊನೆಗೆ, ಆ ಬರಹದ ಜೊತೆ ಅಚ್ಚಾದ ಚಿತ್ರದ ವಿಷಯ. ಅಡಿಬರಹದಲ್ಲಿ ಬೂದು ತೋಳ ಎಂದಿದೆ. ಅದು ಹಸ್ಕಿ ನಾಯಿ. ಬೆಳೆದ ತೋಳದ ಕಣ್ಣು ಹಳದಿ, ನೀಲಿಯಲ್ಲ. ಬಾಲ ಇಳಿಬಿದ್ದಿರುತ್ತದೆ, ಬೆನ್ನ ಮೇಲೆ ಸುರುಳಿ ಸುತ್ತುವುದಿಲ್ಲ. ಅಲ್ಲದೆ ಆ ಪ್ರಾಣಿಯ ಕೊರಳಲ್ಲಿ ಪಟ್ಟಿ ಕೂಡ ಇದೆ.

— ಒಬ್ಬ ಓದುಗ, ಹಾಸನ